ಎದ್ದು ಹೋದ ಹನ್ನೊಂದು ಮಂದಿ

ಹೊಳೆಯ ಎತ್ತರದ ದಂಡೆಯ ಮೇಲೆ ಒಂದು ಪ್ರಾರ್ಥನೆಯ ಮನೆಯಿತ್ತು. ಮಣ್ಣಿನ ಗೋಡೆ, ಹೆಂಚಿನ ಮಾಡು. ಒಳಗೆ ಮೂರ್ತಿಯಿಲ್ಲ, ಗದ್ದುಗೆಯಿಲ್ಲ.

ಅದನ್ನು ಕಟ್ಟಿದವರು ರಾಚಪ್ಪ ಮಾಸ್ತರರು. ಎಲ್ಲ ಕುಲದವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರೆಂದು ಊರಿನವರು ಅವರನ್ನು ಮಠದಿಂದ ಹೊರಗೆ ಹಾಕಿದ್ದರು. ಮಾಸ್ತರರು ಜಗಳವಾಡಲಿಲ್ಲ. ಹೊಳೆದಂಡೆಗೆ ಬಂದು ತಾವೇ ಮಣ್ಣು ತುಳಿದು ಗೋಡೆ ಎಬ್ಬಿಸಿದರು.

"ಇಲ್ಲಿ ಯಾರ ಕುಲಾನೂ ಕೇಳಬಾರದು, ಯಾರ ಪ್ರಶ್ನೀನೂ ತಡೀಬಾರದು" ಎಂದರು. ಅವರ ಕಟ್ಟಳೆ ಅಷ್ಟೇ.

ಅವರ ತರುವಾಯ ಸಂಗವ್ವನವರು ಗುರುವಾದರು. ರೊಟ್ಟಿ ಬಡಿದು ಮಾರುತ್ತಿದ್ದ ವಿಧವೆ, ಓದು ಬಾರದು. ಅವರ ತರುವಾಯ ಬಂದವರು ಫಕ್ಕೀರಪ್ಪನವರು.

ಮನೆಗೆ ಐವತ್ತು ವರ್ಷ ತುಂಬುತ್ತಿತ್ತು. ಫಕ್ಕೀರಪ್ಪನವರು ಶಿಷ್ಯ ಅಡಿವೆಪ್ಪನನ್ನು ಕರೆದರು.

"ತಮ್ಮಾ, ಈ ಮನಿ ಕಥಿ ಬರಿ. ಐವತ್ತರ ದಿನ ಎಲ್ಲಾರ ಮುಂದ ಓದೂಣು."

"ನಾನೇನ್ರಿ, ಅಪ್ಪಾವ್ರ?"

"ನಿನ್ನ ಅಕ್ಷರ ದುಂಡಗ ಅದಾವ, ಕಾಲೂ ಗಟ್ಟಿ ಅದಾವ. ಮನಿ ಮನಿ ತಿರುಗಿ ಕೇಳು."

ಎರಡು ತಿಂಗಳು ಅಡಿವೆಪ್ಪ ತಿರುಗಿದ. ಕೇಳಿದಷ್ಟೂ ಅವನ ಎದೆ ತುಂಬಿ ಬಂತು.

ಚಪ್ಪಲಿ ಹೊಲಿಯುವವನೊಬ್ಬ "ದೇವರು ಅದಾನೇನ್ರಿ?" ಎಂದು ಕೇಳಿದಾಗ ಮಾಸ್ತರರು, "ನಾನೂ ಹುಡುಕಾಕತ್ತೀನಿ, ಬಾ, ಕೂಡಿ ಹುಡುಕೂಣು" ಎಂದಿದ್ದರಂತೆ. ಸಂಗವ್ವನವರು ಅಳುತ್ತ ಬಂದವರಿಗೆ ಮೊದಲು ರೊಟ್ಟಿ ಕೊಡುತ್ತಿದ್ದರಂತೆ, ಮಾತು ಆಮೇಲೆ.

ಆದರೆ ಸಂಗವ್ವನವರನ್ನು ಗುರುವಾಗಿ ಆರಿಸಿದ ದಿನದ ಬಗ್ಗೆ ಕೇಳಿದರೆ ಮಾತ್ರ ಮುದುಕರು ಮಾತು ತಿರುಗಿಸುತ್ತಿದ್ದರು.

ಕೊನೆಗೆ ಅಡಿವೆಪ್ಪ ತನ್ನ ತಂದೆಯನ್ನೇ ಕೇಳಿದ. ಅವನ ತಂದೆ ದುಂಡಪ್ಪ ಕಂಬಳಿ ನೇಯುವವನು. ಮಗ ಪ್ರಾರ್ಥನೆಗೆ ಹೋಗುವುದನ್ನು ಅವನು ತಡೆದವನಲ್ಲ. ತಾನು ಮಾತ್ರ ಆ ಕಡೆ ಹೆಜ್ಜೆ ಇಟ್ಟದ್ದನ್ನು ಅಡಿವೆಪ್ಪ ಕಂಡಿರಲಿಲ್ಲ.

ದುಂಡಪ್ಪ ಮಗ್ಗದಿಂದ ತಲೆ ಎತ್ತಲಿಲ್ಲ.

"ಅವತ್ತು ನಾನೂ ಅಲ್ಲಿ ಇದ್ದೆ. ಸಂಗವ್ವನ ಹೆಸರು ಬಂದ ಕೂಡ್ಲೆ ಒಬ್ಬ ಎದ್ದು ನಿಂತ. 'ಹೆಣ್ಣಿನ ಬಾಯಿಂದ ಉಪದೇಶ ಕೇಳಾಕ ನಾ ಬಂದಿಲ್ಲ' ಅಂದ. ಅವನ ಹಿಂದ ಹತ್ತು ಮಂದಿ ಎದ್ವಿ."

"ಯಾರಪ್ಪಾ ಅವರು, ಮೊದಲು ಎದ್ದವರು?"

"ನಿಮ್ಮ ಗುರು."

ಅಡಿವೆಪ್ಪನ ಕೈಯಲ್ಲಿದ್ದ ಲೇಖನಿ ನಿಂತಿತು.

"ಸಂಗವ್ವ ಪ್ರತಿ ಸೋಮವಾರ ಪ್ರಾರ್ಥನಿಗೆ ಹನ್ನೊಂದು ಚಾಪಿ ಹಾಸಿ ಇಡತಿದ್ಲಂತ, ನಮಗಂತ. ನಾಕು ವರ್ಷದ ಮ್ಯಾಲೆ ಹೊಳಿ ಬಂತು. ಫಕ್ಕೀರನ ಮನಿ ಬಿತ್ತು. ಹೆಂಡ್ತಿ ಮಕ್ಕಳನ್ನ ಕಟ್ಟಿಕೊಂಡು ಅಲ್ಲಿಗೇ ಹೋದ. ಆಕಿ ಏನೂ ಕೇಳಲಿಲ್ಲ, ಬಿಸಿ ರೊಟ್ಟಿ ಕೊಟ್ಲು. ಅವ ಅಲ್ಲೇ ಉಳದ. ಮುಂದ ಗುರುನೂ ಆದ."

"ಮತ್ತ ನೀನ್ಯಾಕ ಹೋಗಲಿಲ್ಲ?"

"ಸಂಗವ್ವ ಎರಡು ಸಲ ಕರಿಯಾಕ ಬಂದಿದ್ಲು" ಎಂದ ದುಂಡಪ್ಪ. "ನನ್ನ ಎಬ್ಬಿಸಿಕೊಂಡು ಹೋದವ ಬರಲಿಲ್ಲ."

ಅಡಿವೆಪ್ಪ ಮೂರು ದಿನ ಒದ್ದಾಡಿದ. ಆಮೇಲೆ ಬರೆದ: 'ಮಾಸ್ತರರ ತರುವಾಯ ಎಲ್ಲರೂ ಒಮ್ಮನಸ್ಸಿನಿಂದ ಸಂಗವ್ವನವರನ್ನು ಆರಿಸಿದರು.'

ಬರೆದದ್ದನ್ನು ಗುರುಗಳಿಗೆ ಓದಿ ಹೇಳಿದ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆ ಸಾಲಿಗೆ ಕಣ್ಣು ತೆರೆದರು.

"ಅವತ್ತು ಎಷ್ಟು ಮಂದಿ ಕೂತಿದ್ರು?"

"ನಲವತ್ತು ಮಂದಿರಿ."

"ಪ್ರಾರ್ಥನಿ ಮುಗಿಯೂವಾಗ?"

ಅಡಿವೆಪ್ಪ ತಲೆ ತಗ್ಗಿಸಿದ. "ಇಪ್ಪತ್ತೊಂಬತ್ತು."

"ನಿನಗ ಎಲ್ಲಾ ಗೊತ್ತೈತಿ. ಯಾಕ ಬರೀಲಿಲ್ಲ?"

"ನಿಮ್ಮ ಹೆಸರು ಕೆಡ್ತೈತ್ರಿ, ಅಪ್ಪಾವ್ರ. ನಿಮ್ಮನ್ನ ನಂಬಿ ಎಷ್ಟು ಮಂದಿ ಬರ್ತಾರ!"

"ಎದ್ದು ಹೋದವರೇ ಇಲ್ಲ ಅಂದ್ರ, ಸಂಗವ್ವ ಚಾಪಿ ಹಾಸಿದ್ದು ಯಾರಿಗೆ? ನನ್ನ ಮುಚ್ಚಾಕ ಹೋಗಿ ಆಕೀನ ಸಣ್ಣಾಕಿ ಮಾಡ್ತಿ ಏನು?"

ಅಡಿವೆಪ್ಪ ಆ ಸಾಲು ಹೊಡೆದು ಹಾಕಿದ. ತಂದೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದ.

ಐವತ್ತರ ದಿನ ಮನೆ ತುಂಬಿತ್ತು. ಅಡಿವೆಪ್ಪ ಓದುತ್ತ ಆ ಪುಟಕ್ಕೆ ಬಂದ. ಓದುವುದನ್ನು ನಿಲ್ಲಿಸಿ ಗುರುಗಳ ಮುಖ ನೋಡಿದ.

ಫಕ್ಕೀರಪ್ಪನವರು ಎದ್ದು ಬಂದು ಹಾಳೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ತಾವು ಅಂದು ಆಡಿದ ಮಾತನ್ನು ತಾವೇ ಓದಿದರು. ದನಿ ತಗ್ಗಿಸಲಿಲ್ಲ. ಒಂದಕ್ಷರವನ್ನೂ ನುಂಗಲಿಲ್ಲ.

ಹಿಂದೆ ಕೂತಿದ್ದ ಮುದುಕಿಯೊಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡು, "ಇಷ್ಟು ಹೇಳಾಕ ಇಷ್ಟು ವರ್ಷ ಬೇಕಾತೇನೋ, ಫಕ್ಕೀರಾ!" ಎಂದಳು.

"ಬೇಕಾತವ್ವ" ಎಂದರು ಗುರುಗಳು.

ಮಂದಿ ಊಟಕ್ಕೆ ಕೂತಾಗ ಅವರು ಅಡಿವೆಪ್ಪನ ಹತ್ತಿರ ಬಂದರು.

"ನಿಮ್ಮಪ್ಪ ಮನ್ಯಾಗ ಅದಾನೇನು?"

"ಅದಾನ್ರಿ."

"ನಡಿ."

ಸುಡುಬಿಸಿಲು. ಗುರುಗಳು ಕೋಲೂರುತ್ತ ನಡೆದರು. ಅರ್ಧ ದಾರಿಯಲ್ಲಿ ಅಡಿವೆಪ್ಪ ಧೈರ್ಯ ಮಾಡಿ ಕೇಳಿದ.

"ಇಷ್ಟು ದಿನ ಯಾಕ ಬರಲಿಲ್ರಿ, ಅಪ್ಪಾವ್ರ?"

"ನಾಚಿಕಿ" ಎಂದರು ಅವರು. "ಮಂದಿ ನನ್ನ ಕಾಲಿಗೆ ಬೀಳಾಕ ಹತ್ತಿದ ಮ್ಯಾಲೆ ಇನ್ನೂ ಹೆಚ್ಚಾತು."

ದುಂಡಪ್ಪ ಮಗ್ಗದಲ್ಲಿ ಕೂತಿದ್ದ. ಬಾಗಿಲಲ್ಲಿ ನೆರಳು ಬಿದ್ದದ್ದನ್ನು ಕಂಡ. ಏಳಲಿಲ್ಲ, ಬಾ ಎನ್ನಲಿಲ್ಲ.

"ಏನು ಬಂದಿ?" ಎಂದ.

ಫಕ್ಕೀರಪ್ಪನವರು ಹೊಸ್ತಿಲ ಆಚೆಗೇ, ಬರಿ ನೆಲದ ಮೇಲೆ ಕೂತರು. ಉಸಿರು ತಹಬಂದಿಗೆ ಬರಲು ತುಸು ಹೊತ್ತು ಹಿಡಿಯಿತು.

"ಹೊರಗ ಬರೂವಾಗ ನಿನ್ನ ಕೈ ಹಿಡದು ಎಬ್ಬಿಸಿದ್ದೆ, ದುಂಡಪ್ಪಾ. ಒಳಗ ಹೋಗೂವಾಗ ನಿನ್ನ ಬಿಟ್ಟು ಹೋದೆ."