ಗಿವ್ ಅಪ್

ಕೃಷ್ಣೆಯ ದಂಡೆಯ ಆಶ್ರಮಕ್ಕೆ ಹೊರದೇಶದವರು ಬರತೊಡಗಿದ ಮೇಲೆ ಶಂಭುಲಿಂಗ ತನ್ನ ಗುರುಗಳ ಬಳಿ ಇಂಗ್ಲಿಷ್ ಕಲಿಯಲು ಕೂತ. ಗುರು ನಿರ್ವಾಣಯ್ಯನವರು ಕಾವಿ ಉಡುವ ಮೊದಲು ಹೈಸ್ಕೂಲಿನಲ್ಲಿ ಅದನ್ನೇ ಕಲಿಸುತ್ತಿದ್ದವರು.

ಆ ವಾರವೆಲ್ಲ ‘ಗಿವ್’ ಎಂಬ ಪದದ ಪಾಠ. ಗಿವ್ ಎಂದರೆ ಕೊಡು. ಅದರ ಬೆನ್ನಿಗೆ ಇನ್ನೊಂದು ಪುಟ್ಟ ಪದ ಬಂದರೆ ಸಾಕು, ಅರ್ಥವೇ ಬೇರೆ. ಗಿವ್ ಇನ್ ಎಂದರೆ ಮಣಿಯುವುದು. ಗಿವ್ ಅವೇ ಎಂದರೆ ದಾನ ಮಾಡುವುದು, ಗುಟ್ಟು ರಟ್ಟು ಮಾಡುವುದೂ ಅದೇ. ಗಿವ್ ಅಪ್ ಎಂದರೆ ಬಿಟ್ಟುಬಿಡುವುದು.

ಈ ಕೊನೆಯದು ಶಂಭುಲಿಂಗನ ಮನಸ್ಸು ಹಿಡಿಯಿತು. ಮನೆ ಬಿಟ್ಟು ಬಂದು ವರ್ಷಗಳಾಗಿದ್ದರೂ ಅವನಿಗೆ ದೀಕ್ಷೆಯಾಗಿರಲಿಲ್ಲ. ಕೇಳಿದಾಗಲೆಲ್ಲ ಗುರುಗಳು, ಬಿಡುವುದು ಇನ್ನೂ ಇದೆ ಎನ್ನುತ್ತಿದ್ದರು.

“ಕೊಡುವ ಪದದೊಳಗೆ ಬಿಡುವುದು ಹೇಗೆ ಬಂತು, ಗುರುಗಳೇ?”

“ನಾವೂ ಬಿಟ್ಟುಕೊಡು ಅನ್ನುತ್ತೇವಲ್ಲ.”

ಆಗ ಅತಿಥಿಗಳ ಕೋಣೆಯಲ್ಲಿ ಎಡಿತ್ ಎಂಬ ವಯಸ್ಸಾದ ಹೆಂಗಸು ಇದ್ದರು. ಗಂಡನ ಜೊತೆ ಬರಬೇಕೆಂದಿದ್ದವರು, ಗಂಡ ತೀರಿಕೊಂಡದ್ದರಿಂದ ಒಬ್ಬರೇ ಬಂದಿದ್ದರು. ಅವರಿಗೆ ಊಟ ಒಯ್ಯುವ ಕೆಲಸ ಶಂಭುಲಿಂಗನದು.

ಒಂದು ಮಧ್ಯಾಹ್ನ ಆಕೆ ಮತ್ತೆ ತಟ್ಟೆ ಮುಟ್ಟಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿಕೊಂಡೇ, “ಐ ಗಿವ್ ಅಪ್” ಎಂದರು.

ಶಂಭುಲಿಂಗನಿಗೆ ಮೈ ಜುಮ್ಮೆಂದಿತು. ತುಸು ಹೊಟ್ಟೆಕಿಚ್ಚೂ ಆಯಿತು. ಮಲಗಿದ್ದವರಿಗೆ ಕೈಮುಗಿದು, ಬಾಗಿಲು ಎಳೆದುಕೊಂಡು ಗುರುಗಳ ಬಳಿ ಓಡಿದ. ತನ್ನಿಂದ ಇಷ್ಟು ವರ್ಷವಾದರೂ ಆಗದ್ದು ಆಕೆಯಿಂದ ಆಯಿತು, ಎಲ್ಲ ಬಿಟ್ಟೆನೆಂದು ಆಕೆಯೇ ಹೇಳಿದರು ಎಂದ.

“ಊಟ ಮಾಡಿದರೇ?”

“ಇಲ್ಲ. ನಿನ್ನೆಯಿಂದ ಅದನ್ನೂ ಬಿಟ್ಟಿದ್ದಾರೆ.”

ಗುರುಗಳು ತಟ್ಟನೆ ಎದ್ದು ಅಡುಗೆಮನೆಗೆ ಹೋದರು. ತಾವೇ ಗಂಜಿ ಬಿಸಿಗಿಟ್ಟರು.

“ಅದು ತ್ಯಾಗವಲ್ಲ, ಶಂಭು. ಅವರು ಕೈಚೆಲ್ಲಿದ್ದಾರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಮಾತು.”

ಕೋಣೆಗೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತರು. ಗಂಜಿ ಆರಿತು. ಶಂಭುಲಿಂಗ ಮತ್ತೆ ಬಿಸಿ ಮಾಡಿ ತಂದ. ಅದೂ ಆರಿತು.

ಬಿಸಿಲು ಇಳಿಯುವ ಹೊತ್ತಿಗೆ ಆಕೆ ಇತ್ತ ತಿರುಗಿ, ನಿಮ್ಮ ಊಟ ಆಯಿತೇ ಎಂದು ಕೇಳಿದರು. ಇಲ್ಲ ಎಂದರು ಗುರುಗಳು. ಆಕೆ ನಿಧಾನವಾಗಿ ಎದ್ದು ಕೂತರು.

ಇಬ್ಬರೂ ತಣ್ಣನೆಯ ಗಂಜಿಯನ್ನೇ ಕುಡಿದರು. ತನ್ನ ಗಂಡ ಮನೆಯಲ್ಲಿ ಇಂಥದೇ ಗಂಜಿಗೆ ಸಿಕ್ಕಾಪಟ್ಟೆ ಸಕ್ಕರೆ ಸುರಿದುಕೊಳ್ಳುತ್ತಿದ್ದರು ಎಂದು ಹೇಳಲು ಹೋಗಿ ಆಕೆ ಬಿಕ್ಕಿಬಿಕ್ಕಿ ಅತ್ತರು. ಬಾಗಿಲಲ್ಲಿ ನಿಂತಿದ್ದ ಶಂಭುಲಿಂಗನಿಗೆ ತಲೆ ಎತ್ತಲಾಗಲಿಲ್ಲ.

ಹೊರಗೆ ಬಂದ ಮೇಲೆ ಅವನು ಕೇಳಿದ: “ಮಾತು ಒಂದೇ ಆದರೆ, ಬಿಟ್ಟವರು ಯಾರು, ಕೈಚೆಲ್ಲಿದವರು ಯಾರು ಎಂದು ನಾನು ತಿಳಿಯುವುದು ಹೇಗೆ?”

ಗುರುಗಳು ಪಾತ್ರೆಗಳನ್ನು ಅವನ ಕೈಗೆ ಕೊಟ್ಟರು.

“ಬಿಟ್ಟವರು ಬಿಟ್ಟೆನೆಂದು ನಿನಗೆ ಹೇಳುವುದಿಲ್ಲ. ಯಾರಾದರೂ ಹೇಳಿದರೆ, ಪಕ್ಕದಲ್ಲಿ ಕೂತುಕೋ.”