ಒಗೆಯದ ಶಾಲು

ಸ್ಕಾಟ್ಲೆಂಡಿನ ಬೆಟ್ಟಗಳ ನಡುವೆ, ವರ್ಷದ ಮುಕ್ಕಾಲು ಪಾಲು ಮಂಜಿನಲ್ಲೇ ಮುಳುಗಿರುವ ಒಂದು ಸರೋವರ. ಅದರ ನಡುಗಡ್ಡೆಯಲ್ಲಿ, ಹುಲ್ಲು ಹೊದಿಸಿದ ಗುಡಿಸಲಿನಲ್ಲಿ ಪೂಜ್ಯ ಡರ್ವಿಲಾ ಮಾತೆಯವರು ವಾಸವಾಗಿದ್ದರು. ಒಂದು ಮೇಕೆ, ಒಂದು ಕಂಬಳಿ, ಬಾಯಲ್ಲಿ ಸದಾ ದೇವರ ನಾಮ. ಅವರ ಆಸ್ತಿ ಅಷ್ಟೇ. ಅಲ್ಲಿಗೆ ಹೋದವರಿಗೆ ತಾವು ಎಚ್ಚರವಿದ್ದೇವೋ ಕನಸು ಕಾಣುತ್ತಿದ್ದೇವೋ ತಿಳಿಯುತ್ತಿರಲಿಲ್ಲವಂತೆ.

ಅಂಥ ಒಂದು ಮುಂಜಾನೆ ಮಂಜಿನೊಳಗಿಂದ ಸದ್ದಿಲ್ಲದೆ ದೋಣಿಯೊಂದು ಬಂತು. ಇಳಿದವಳು ಆ ನಾಡಿನ ರಾಣಿ ಅಡೆಲಿಸಾ. ಕಡಲಾಚೆಯ ಫ್ಲಾಂಡರ್ಸ್ ಅವಳ ತವರು. ಎರಡು ಮನೆತನಗಳಿಗೆ ನಂಟು ಬೇಕಿತ್ತು, ಹುಡುಗಿಯನ್ನು ಹಡಗು ಹತ್ತಿಸಿದರು, ಅವಳನ್ನು ಕೇಳಿದವರಾರು? ಬಂದ ಊರಿನ ಭಾಷೆ ಕಲಿತಳು, ಚಳಿಗೂ ಒಗ್ಗಿಕೊಂಡಳು. ಒಂದು ಪದ್ಧತಿ ಮಾತ್ರ ಗಂಟಲಿನಿಂದ ಕೆಳಗಿಳಿಯಲೇ ಇಲ್ಲ. ಆ ರಾಜಮನೆತನದಲ್ಲಿ ಹುಟ್ಟಿದ ಗಂಡುಮಗುವನ್ನು ಬೆಟ್ಟದ ಕಡೆಯ ಸಾಕುತಾಯಿಯ ಮಡಿಲಿಗೆ ಹಾಕುತ್ತಾರೆ. ಏಳು ತುಂಬಿದ ಮೇಲಷ್ಟೇ ಅರಮನೆಗೆ ಕರೆತರುತ್ತಾರೆ. ಕೂಸು ಏಡನ್‌ನನ್ನು ಕೊಟ್ಟ ದಿನ ಅವಳು ಅತ್ತ ಅಳು ಯಾರಿಗೂ ಬೇಡ.

ಈಗ ಮಗ ಬಂದಿದ್ದ. ಬಂದು ಏನು ಸುಖ? ಹೆತ್ತವಳನ್ನು "ರಾಣಿಯವರೇ" ಎನ್ನುತ್ತಾನೆ, ಸಾಕಿದ ಮೊರಾಗ್‌ಳನ್ನು ನೆನೆದು ಬಿಕ್ಕುತ್ತಾನೆ. ಹೊಟ್ಟೆಕಿಚ್ಚು ರಾಣಿಯರನ್ನೂ ಬಿಡುವುದಿಲ್ಲ ನೋಡಿ. ಮೊರಾಗ್ ಕೋಟೆಯ ಬಾಗಿಲು ದಾಟಕೂಡದೆಂದು ಅಪ್ಪಣೆಯಾಯಿತು, ಅವಳು ಹೊರಗೇ ಕಾದು ನಿಂತಳು. ಮಗ ಮಲಗುವಾಗ ಕೆನ್ನೆಗೊತ್ತಿಕೊಳ್ಳುತ್ತಿದ್ದ ಕೊಳಕು ಬಟ್ಟೆಯೊಂದನ್ನೂ ಅಡೆಲಿಸಾ ಕಿತ್ತುಕೊಂಡಳು. ಅಂದಿನಿಂದ ಹುಡುಗ ಒಂದು ತುತ್ತೂ ಮುಟ್ಟಿರಲಿಲ್ಲ.

ರಾಣಿ ಮಾತೆಯವರ ಕಾಲಿಗೆರಗಿ ಆ ಬಟ್ಟೆಯನ್ನು ಮುಂದಿಟ್ಟಳು. ಹೊಗೆ, ಕುರಿಯ ಜಿಡ್ಡು, ವರ್ಷಗಳ ಕೊಳೆ ಮೆತ್ತಿ ಅದು ಕರಿ ಹಿಡಿದಿತ್ತು.

"ಅಮ್ಮಾ, ಆ ಹೆಂಗಸು ಇದಕ್ಕೆ ಮಾಟ ಮಾಡಿದ್ದಾಳೆ. ನಿಮ್ಮ ಕೈಯಾರೆ ಸುಟ್ಟುಬಿಡಿ. ನನ್ನ ಮಗ ಅವಳನ್ನು ಮರೆಯುವಂತೆ ಹರಸಿ. ಇಲ್ಲದಿದ್ದರೆ ಅವನು ನನಗೆ ಉಳಿಯುವುದಿಲ್ಲ."

ಮಾತೆಯವರು ಬಟ್ಟೆಯನ್ನು ಮೂಗಿನ ಬಳಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತರು. ಮೇಕೆ ಬಂದು ರಾಣಿಯ ನಿಲುವಂಗಿಯನ್ನು ಮೂಸಿ ಹೋಯಿತು. ಆಮೇಲೆ ಅವರು ಎದ್ದು ನೀರಿನಂಚಿಗೆ ನಡೆದರು, ರಾಣಿ ಹಿಂಬಾಲಿಸಿದಳು. ಬಟ್ಟೆಯ ಒಂದೇ ಒಂದು ಮೂಲೆಯನ್ನು ಅದ್ದಿ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರು. ಕೊಳೆ ಕರಗಿ ನೀರಿನಲ್ಲಿ ಹರಡಿತು. ಅಡಿಯಿಂದ ನೀಲಿ ಬಣ್ಣ ಕಾಣಿಸಿತು, ಅಂಚಿನಲ್ಲಿ ಬಿಳಿ ದಾರದ ಹೂವು.

ಆ ಹೂವನ್ನು ಅಡೆಲಿಸಾ ಬಲ್ಲಳು. ಹಡಗು ಹತ್ತುವ ಮುನ್ನ ಅವಳ ತಾಯಿ ಹೊದಿಸಿದ ಶಾಲು ಅದು. ಅದರಲ್ಲಿ ಅರ್ಧ ಹರಿದು ತಾನೇ ಕೂಸಿಗೆ ಸುತ್ತಿ ಕಳಿಸಿದ್ದಳು.

"ಇಷ್ಟು ವರ್ಷ ಇದನ್ನೇಕೆ ಒಗೆಯಲಿಲ್ಲ ಅವಳು?"

"ಒಗೆದರೆ ನಿನ್ನ ವಾಸನೆ ಹೋದೀತು, ಮಗಳೇ. ಬೆಟ್ಟದ ಸಾಕುತಾಯಂದಿರು ಹೆತ್ತವಳ ಬಟ್ಟೆಗೆ ನೀರು ತಾಕಿಸುವುದಿಲ್ಲ. ದಿನವೂ ಮಗುವಿನ ಕೆನ್ನೆಗಿಟ್ಟು, 'ಇದು ನಿನ್ನಮ್ಮ' ಎಂದು ಹೇಳಿ ಮಲಗಿಸುತ್ತಾರೆ. ಈಗ ಹೇಳು, ಸುಡಲೇ?"

ಮಗನ ಕೈಯಿಂದ ತಾನು ಕಿತ್ತುಕೊಂಡದ್ದು ತನ್ನನ್ನೇ. ಅಡೆಲಿಸಾ ಬಟ್ಟೆಯನ್ನು ಎದೆಗವಚಿಕೊಂಡು ಅತ್ತಳು. ಮಾತೆಯವರು ಪಕ್ಕದಲ್ಲೇ ನಿಂತಿದ್ದರು.

ಅವಳು ಮರಳಿದಾಗ ಕೋಟೆಯ ಹೊರಗೆ, ಮಂಜಿನಲ್ಲಿ ನೆನೆದು, ಮೊರಾಗ್ ನಿಂತೇ ಇದ್ದಳು. ರಾಣಿ ಅವಳ ಕೈ ಹಿಡಿದಳು.

"ಒಳಗೆ ಬಾ ಅಕ್ಕಾ. ನಾನು ಯಾರೆಂದು ನೀನೇ ಅವನಿಗೆ ಹೇಳು. ನೀನು ಹೇಳಿದರೆ ನಂಬುತ್ತಾನೆ."

ಇಬ್ಬರೂ ಒಳಗೆ ಹೋಗಿ ಹುಡುಗನ ಹಾಸಿಗೆಯ ಬಳಿ ಕುಳಿತರು. ಮೊರಾಗ್ ಅವನ ಕೈಗೆ ಬಟ್ಟೆ ಕೊಟ್ಟಳು, ಅವನ ಕೈಯನ್ನು ರಾಣಿಯ ಕೈಯಲ್ಲಿಟ್ಟಳು. "ಇದು ನಿನ್ನಮ್ಮ, ಕಂದಾ." ಏಡನ್ ಬಟ್ಟೆಯನ್ನು ಮೂಸಿದ. ಆಮೇಲೆ ರಾಣಿಯ ಕುತ್ತಿಗೆಗೆ ಮುಖ ಒತ್ತಿ, ತಡೆದು ತಡೆದು ಉಸಿರೆಳೆದುಕೊಂಡ.

"ಅಮ್ಮಾ, ಹಸಿವು" ಎಂದ.

ಇಬ್ಬರೂ ಎದ್ದರು.