ಮಾವಿನ ಕೊಂಬೆಗೆ ಬಂದಳಿಕೆ ತಂದವರು ಯಾರು?

ಮಕ್ಕಳೇ, ಗಿಡವೆಂದರೆ ಮಣ್ಣಿನಲ್ಲಿ ಬೇರು ಬಿಡಲೇಬೇಕು ಎಂದು ನಿಮಗೆ ಯಾರಾದರೂ ಹೇಳಿಕೊಟ್ಟಿದ್ದರೆ, ಅದು ಪೂರ್ತಿ ನಿಜವಲ್ಲ. ಮಣ್ಣನ್ನೇ ಮುಟ್ಟದೆ ಕೊಬ್ಬಿ ಬೆಳೆಯುವ ಗಿಡವೂ ಇದೆ. ನಂಬಿಕೆಯಾಗದಿದ್ದರೆ ಕೇಳಿ.

ಕಾಡಿನಂಚಿನ ಕೆರೆ ಏರಿಯ ಮೇಲೆ ಒಂದು ಮಾವಿನ ಮರವಿತ್ತು. ಅದರ ಪೊಟರೆಯಲ್ಲಿ ಮರಕುಟಿಗಜ್ಜ ಇದ್ದ. ಕವಲಿನಲ್ಲಿ ಅಳಿಲಕ್ಕ ಇದ್ದಳು. ಒಂದು ಕೊಂಬೆಯ ತುದಿಯಲ್ಲಿ ಚಿಟಕವ್ವ ಎಂಬ ಬದನಿಕೆ ಹಕ್ಕಿ, ನಾರು ಮತ್ತು ಜೇಡರ ಬಲೆಯಿಂದ ಚೀಲದಂಥ ಗೂಡು ಹೆಣೆದು ತೂಗುಹಾಕಿದ್ದಳು. ಪ್ರತಿ ವರ್ಷವೂ ಅಲ್ಲೇ ಮರಿ ಮಾಡುವಳು.

ಚಿಟಕವ್ವ ಹೆಬ್ಬೆರಳಿನಷ್ಟೇ ಇದ್ದಳು, ಆದರೆ ಅವಳ ಶುಚಿಯ ಜಂಬ ಇಡೀ ಮರ ತುಂಬಿತ್ತು. ಅಳಿಲಕ್ಕನ ಮನೆಯ ಮುಂದೆ ಬರೀ ಸಿಪ್ಪೆ ಎನ್ನುತ್ತಿದ್ದಳು. ಅಜ್ಜನ ಬಾಗಿಲಲ್ಲಿ ಸದಾ ಮರದ ಹೊಟ್ಟು ಎಂದು ಮೂಗು ಮುರಿಯುತ್ತಿದ್ದಳು. ತಾನು ಮಾತ್ರ ಮರಿಗಳ ಹಿಕ್ಕೆಯನ್ನೂ ಕೊಕ್ಕಿನಲ್ಲಿ ಎತ್ತಿ ದೂರ ಹಾಕಿ ಬರುವವಳು.

ದಿನವೂ ಅವಳು ಕೆರೆಯಾಚೆಯ ಹಿಪ್ಪೆ ಮರಕ್ಕೆ ಹೋಗಿ, ಅದರ ಕೊಂಬೆಗಳ ಮೇಲೆ ಬೆಳೆದ ಬಂದಳಿಕೆ ಗಿಡದ ಹಣ್ಣು ತಿನ್ನುತ್ತಿದ್ದಳು. ಹಣ್ಣು ಬಲು ಸಿಹಿ, ಆದರೆ ಅದರ ಬೀಜಕ್ಕೆ ಅಂಟು ಹೆಚ್ಚು. ಹೊಟ್ಟೆಯಿಂದ ಹೊರಬಿದ್ದರೂ ಬಾಲದ ಬುಡ ಬಿಟ್ಟು ಕದಲುವುದಿಲ್ಲ. ಅದಕ್ಕೆ ಮಾವಿನ ಕೊಂಬೆಯ ಮೇಲೆ ಅಡ್ಡಡ್ಡಲಾಗಿ ತಿರುಗಿ, ಹಿಂಭಾಗವನ್ನು ಚೆನ್ನಾಗಿ ಒರೆಸಿಕೊಂಡು, ಆಮೇಲೆ ಗೂಡಿಗೆ ಹೋಗುವಳು.

"ಮೈಗೆ ಮೆತ್ತಿದ್ದನ್ನು ಮನೆಯೊಳಗೆ ತರುವ ಜಾತಿ ನನ್ನದಲ್ಲ" ಎನ್ನುವುದು ಅವಳ ಮಾತು.

ಹೀಗೇ ಮೂರು ವರ್ಷ ಕಳೆಯಿತು. ಆ ಬೇಸಿಗೆಯಲ್ಲಿ ಚಿಟಕವ್ವನ ಕೊಂಬೆಯ ತುದಿ ಎಲೆ ಉದುರಿಸತೊಡಗಿತು. ನೆರಳು ಹೋಯಿತು. ಆ ವರ್ಷದ ಎರಡು ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿರಲಿಲ್ಲ; ಬಿಸಿಲಿಗೆ ಬಾಯಿ ಕಳೆದು ಏದುಸಿರು ಬಿಟ್ಟವು. ಆದರೆ ಅದೇ ಕೊಂಬೆಯ ನಡುವೆ ಒಂದು ಪೊದೆ ದಪ್ಪ ದಪ್ಪ ಹಸಿರೆಲೆ ಹೊತ್ತು ಆರಾಮವಾಗಿತ್ತು. ಮಾವಿನೆಲೆಯಂತೂ ಅಲ್ಲ. ಅದು ಬಂದಳಿಕೆ.

ಕೊಂಬೆಯೇ ಒಣಗುವಾಗ ಇದು ಹೇಗೆ ಹಸಿರಾಗಿದೆ ಎಂದು ಅಳಿಲಕ್ಕನಿಗೆ ಕುತೂಹಲವಾಯಿತು. ಪೊದೆಯ ಸುತ್ತ ಮೇಲೆ ಕೆಳಗೆ ಓಡಾಡಿ ಬೇರು ಹುಡುಕಿದಳು. ನೆಲದವರೆಗೂ ಇಳಿದು ನೋಡಿದಳು. ಒಂದು ಎಳೆಯೂ ಮಣ್ಣಿಗೆ ಬಂದಿರಲಿಲ್ಲ. ಕೊನೆಗೆ ಅಜ್ಜನನ್ನು ಕರೆತಂದಳು.

ಮರಕುಟಿಗಜ್ಜ ಪೊದೆಯ ಬುಡದ ಗಂಟಿಗೆ ನಾಲ್ಕು ಬಾರಿ ಕುಟ್ಟಿ, ತೊಗಟೆ ಸರಿಸಿ, ಒಂದು ಕಣ್ಣಿಟ್ಟು ನೋಡಿದ. ಬೇರು ಇದೆ, ಆದರೆ ಮಣ್ಣಿನಲ್ಲಲ್ಲ, ಮರದ ಒಳಗೆ ಎಂದ. ಬೆರಳು ಚುಚ್ಚಿದ ಹಾಗೆ ಕೊಂಬೆಯ ಒಳಕ್ಕಿಳಿದು, ನೀರು ಹರಿಯುವ ದಾರಿಗೇ ಬಾಯಿ ಹಚ್ಚಿದೆ.

"ಹಾಗಾದರೆ ಇದಕ್ಕೆ ಎಲೆ ಯಾಕಜ್ಜಾ?" ಎಂದು ಅಳಿಲಕ್ಕ ಕೇಳಿದಳು.

"ಅಡುಗೆ ಅದೇ ಮಾಡಿಕೊಳ್ಳುತ್ತದೆ, ಬಿಸಿಲಿನಲ್ಲಿ. ನೀರು ಮಾತ್ರ ಈ ಮನೆಯದು. ಮಾವು ಬೇರಿನಿಂದ ಎಳೆದು ತಂದದ್ದನ್ನು ಇದು ಅರ್ಧ ದಾರಿಯಲ್ಲೇ ಕುಡಿಯುತ್ತದೆ. ಇದರಿಂದಾಚೆಯ ತುದಿಗೆ ತೊಟ್ಟೂ ಮುಟ್ಟುವುದಿಲ್ಲ."

ಆಚೆಯ ತುದಿಯಲ್ಲಿದ್ದದ್ದು ಗೂಡು. ಒಣಗಿದ ಕೊಂಬೆ ಗಾಳಿಗೆ ಎಷ್ಟು ದಿನ ನಿಂತೀತು? ಹೆದರಿಕೆ ಚಿಟಕವ್ವನ ಬಾಯಲ್ಲಿ ಸಿಟ್ಟಾಗಿ ಬಂತು. ಇದನ್ನು ತಂದು ನೆಟ್ಟವರು ಯಾರು ಎಂದು ಕೂಗಾಡಿದಳು. ಬಾವಲಿ ಇರಬೇಕು ಎಂದಳು, ಕಾಗೆ ಇರಬೇಕು ಎಂದಳು. ಕಡೆಗೆ, ಸಿಕ್ಕಿದ್ದನ್ನೆಲ್ಲ ಮರಕ್ಕೆ ತಂದು ಬಿಸಾಡುವ ಅಳಿಲೇ ಇರಬೇಕು ಎಂದುಬಿಟ್ಟಳು.

ಅಳಿಲಕ್ಕನಿಗೆ ನೋವಾಯಿತು. ಆದರೂ ಆ ಹಣ್ಣು ತಿನ್ನುವವಳು ನೀನೇ ಅಲ್ಲವೇ ಎಂದಷ್ಟೇ ಕೇಳಿದಳು.

"ತಿನ್ನುವುದು ನಾನು. ನೆಡುವುದು ನಾನಲ್ಲ" ಎಂದು ಚಿಟಕವ್ವ ಹಾರಿಹೋದಳು.

ಅಳಿಲಕ್ಕ ಸುಮ್ಮನಿರಲಿಲ್ಲ. ಕೊಂಬೆಯನ್ನು ಮೂಸುತ್ತಾ ಹೋದಳು. ಒಂದು ಕಡೆ ಅಂಟಿಕೊಂಡ ಬೀಜ ಕಂಡಿತು. ಅದರಿಂದ ಹಸಿರು ಮೊಳಕೆ ಹೊರಟು, ಕಣ್ಣಿಲ್ಲದಿದ್ದರೂ ತೊಗಟೆಯ ಕಡೆಗೇ ಬಾಗಿ, ತುದಿಯನ್ನು ಚಪ್ಪಟೆ ಮಾಡಿ ಒತ್ತಿ ಹಿಡಿದಿತ್ತು. ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಕೊನೆಯದರ ಅಂಟು ಇನ್ನೂ ಹಸಿಯಾಗಿತ್ತು. ಅವಳೂ ಅಜ್ಜನೂ ಎಲೆಯ ಮರೆಯಲ್ಲಿ ಕಾದು ಕುಳಿತರು.

ಸ್ವಲ್ಪ ಹೊತ್ತಿಗೆ ಚಿಟಕವ್ವ ಹೊಟ್ಟೆ ತುಂಬಿಸಿಕೊಂಡು ಬಂದಳು. ಎಂದಿನಂತೆ ಕೊಂಬೆಯ ಮೇಲೆ ಅಡ್ಡ ತಿರುಗಿದಳು. ಎಂದಿನಂತೆ ಒರೆಸಿಕೊಂಡಳು. ಇಬ್ಬರೂ ಹೊರಗೆ ಬಂದರು.

"ಏನು ಹಾಗೆ ನೋಡುತ್ತೀರಿ? ಮೈ ಶುಚಿ ಮಾಡಿಕೊಂಡೆ, ಅಷ್ಟೇ."

"ಮಾಡಿಕೊಂಡೆ ಮಗಳೇ. ಒರೆಸಿದ್ದು ಎಲ್ಲಿಗೆ ಅಂತ ಒಂದು ಸಲ ನೋಡು" ಎಂದ ಅಜ್ಜ.

ಚಿಟಕವ್ವ ಮೂರು ವರ್ಷದಲ್ಲಿ ಮೊದಲ ಸಲ ಹಿಂದಿರುಗಿ ನೋಡಿದಳು. ಬೀಜ ಫಳಫಳ ಹೊಳೆಯುತ್ತಿತ್ತು. ಆದರೆ ಬಾಯಿ ಒಪ್ಪಲಿಲ್ಲ. ಒಂದು ಬೀಜದಿಂದ ಏನಾಗುತ್ತದೆ ಎಂದು ಆಕೆ ಶುರು ಮಾಡುವಷ್ಟರಲ್ಲಿ ಕೆರೆಯ ಕಡೆಯಿಂದ ಗಾಳಿ ಬೀಸಿತು. ಒಣ ತುದಿ ಲಟಕ್ಕೆಂದು ಮುರಿದು, ಒಂದೇ ಒಂದು ಸಿಬಿರಿನಲ್ಲಿ ನೇತಾಡಿತು. ಗೂಡು ತಿರುಗತೊಡಗಿತು. ಕೆಳಗೆ ನೀರು. ಚಿಟಕವ್ವ ಗೂಡಿನ ಸುತ್ತ ಹಾರಿದಳು, ಆದರೆ ಹೆಬ್ಬೆರಳಿನಷ್ಟು ಹಕ್ಕಿ ಏನನ್ನು ಎತ್ತೀತು?

ಅಳಿಲಕ್ಕ ಓಡಿದಳು. ಸಿಬಿರಿನ ಮೇಲೆ ಹೊಟ್ಟೆಯೂರಿ, ಗೂಡಿನ ನಾರನ್ನು ಹಲ್ಲಿನಿಂದ ಕತ್ತರಿಸಿ, ಸಂತೆಯ ಚೀಲದಂತೆ ಬಾಯಲ್ಲಿ ಕಚ್ಚಿಕೊಂಡು ಹಿಂದೆ ಹಿಂದೆ ಸರಿದು ಬಂದಳು. ತುದಿ ನೀರಿಗೆ ಬಿತ್ತು. ಮರಿಗಳು ಅಳಿಲಕ್ಕನ ಕವಲಿನಲ್ಲಿ, ಸಿಪ್ಪೆಗಳ ನಡುವೆ, ಹಸಿವೆಂದು ಕಿರುಚುತ್ತಿದ್ದವು.

ಮರುದಿನದಿಂದ ಚಿಟಕವ್ವ ಹಣ್ಣು ತಿಂದ ಮೇಲೆ ಕೆರೆ ನಡುವಿನ ಬಂಡೆಗೆ ಹೋಗಿ ಒರೆಸಿಕೊಂಡಳು. ಬಂಡೆಯೊಳಗೆ ಕುಡಿಯಲು ನೀರಿಲ್ಲ, ಬೀಜ ಅಲ್ಲೇ ಒಣಗಿತು. ಕೊಂಬೆಯ ಮೇಲಿದ್ದ ಬೀಜಗಳನ್ನೂ ಕೊಕ್ಕಿನಿಂದ ಒಂದೊಂದಾಗಿ ಕಿತ್ತಳು. ಅಂಟಿನ್ನೂ ಹಸಿಯಾಗಿದ್ದವು ಬಂದವು. ತೊಗಟೆಗೆ ಬೆರಳು ಇಳಿಸಿದ್ದವು ಮಾತ್ರ, ಎಷ್ಟು ಎಳೆದರೂ, ಎಲೆ ಹರಿದು ಕೊಕ್ಕಿಗೆ ಬಂದವೇ ಹೊರತು ಒಳಗಿನ ಬೇರು ಬರಲಿಲ್ಲ.

ನೀತಿ: ನಾನು ಶುಚಿ ಎಂದು ಬೀಗುವವರು, ತಮ್ಮ ಕೊಳೆಯನ್ನು ಯಾರ ಮೈಗೆ ಒರೆಸಿದೆವೆಂದು ಬೇರಿಳಿಯುವ ಮೊದಲೇ ತಿರುಗಿ ನೋಡಬೇಕು.